ಕಾಲು ಪಾಲು

ಜನವರಿ ಮುಗಿಯುವ ಮೊದಲು ಬರುತ್ತಾರೆ ಅವರು,
ಬೂಟಿನ ಹಿಮವನ್ನು ಬಾಗಿಲಲ್ಲೇ ಕೊಡವಿ,
ಕಂದು ಲಕೋಟೆಯನ್ನು ಎದೆಗವಚಿಕೊಂಡು.
ಇಲಿನಾಯ್ ನದಿಯ ದಡದ ಈ ಕೌಂಟಿ ಕಚೇರಿಯಲ್ಲಿ
ಹತ್ತೊಂಬತ್ತು ವರ್ಷದಿಂದ ನಾನು ಗಾಜಿನ ಈಚೆ.
ಮನೆಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ.
ಈ ಒಂದು ನಮೂನೆಯಲ್ಲಿ ಮಾತ್ರ
ಮನುಷ್ಯರಿಗೆ ಬೇರೆಯವರು ಕಟ್ಟಿದ ಬೆಲೆ
ಶೇಕಡಾದಲ್ಲಿ ಬರುತ್ತದೆ.

ಮೂವತ್ತಿದ್ದರೆ ಒಂದಿಷ್ಟು ಮಾಫಿ,
ಐವತ್ತಿದ್ದರೆ ಇನ್ನೊಂದಿಷ್ಟು,
ಎಪ್ಪತ್ತು ಮುಟ್ಟಿದರೆ ಮನೆಗಂದಾಯ ಪೂರ್ತಿ ಸೊನ್ನೆ.

ಡಾರ್ಲಾ ಪ್ರಿಬಿಲ್ ಮೊದಲ ಸಲ ಬಂದಾಗ ಕೇಳಿದ್ದೆ:
“ನಿಮ್ಮ ಯಜಮಾನರು ಬರಲಿಲ್ಲವೆ?
ಸೈನ್ಯದಲ್ಲಿದ್ದವರದೇ ಸಹಿ ಬೇಕು.”
ಅವಳು ಮಾತಾಡಲಿಲ್ಲ. ಪ್ಯಾಂಟಿನ ಎಡಗಾಲು ಮೇಲೆತ್ತಿ
ಗೆಣ್ಣಿನಿಂದ ಟಕ್ ಟಕ್ ತಟ್ಟಿದಳು,
ಒಳಗೆ ಯಾರಿದ್ದೀರಿ ಎಂದು ಬಾಗಿಲು ಬಡಿಯುವ ಹಾಗೆ.
ಸರದಿಯಲ್ಲಿದ್ದವರೆಲ್ಲ ಛಾವಣಿ ನೋಡಿದರು.
ನಾನು ಪೆನ್ನು ಹುಡುಕಿದೆ. ಕೈಯಲ್ಲೇ ಇತ್ತು.

ಇರಾಕಿನಲ್ಲಿ ಇಂಧನದ ಟ್ರಕ್ ಓಡಿಸುತ್ತಿದ್ದಳಂತೆ.
ಕಾಲಿಗೆ ನಲವತ್ತು. ಕೆಟ್ಟ ನಿದ್ದೆಗೆ ಮೂವತ್ತು.
ಕಿವಿಯೊಳಗೆ ಹಗಲಿರುಳೂ ಕೂಗುವ ಜೀರುಂಡೆಗೆ ಹತ್ತು.
“ಎಂಬತ್ತಾಯಿತಲ್ಲ?”
ಇಲ್ಲ. ಅವರು ಕೂಡುವ ಬಗೆ ಬೇರೆ.
ನೂರರಲ್ಲಿ ನಲವತ್ತು ಹೋಗಿ ಉಳಿದದ್ದು ಅರವತ್ತು;
ಆ ಅರವತ್ತರಲ್ಲಿ ಶೇಕಡಾ ಮೂವತ್ತು ಹದಿನೆಂಟು;
ಮತ್ತೆ ಉಳಿದದ್ದರಲ್ಲಿ ಹತ್ತರಲ್ಲೊಂದು.
ಮೊದಲ ಗಾಯ ಉಂಡು ಬಿಟ್ಟ ಎಂಜಲಲ್ಲೇ
ಎರಡನೆಯದು ಉಣ್ಣಬೇಕು, ಮೂರನೆಯದು ತಟ್ಟೆ ನೆಕ್ಕಬೇಕು.
ಅರವತ್ತೆರಡು ಚಿಲ್ಲರೆ. ಚಿಲ್ಲರೆ ಬಿಟ್ಟು ಅರವತ್ತು.

“ಹಾಗಾದರೆ ಎಷ್ಟು ಕಳಕೊಂಡರೂ
ಸ್ವಲ್ಪ ಉಳಿದೇ ಇರುತ್ತದೆ ಅನ್ನಿ.”
ಲೆಕ್ಕದ ಪ್ರಕಾರ ಹೌದು, ಎಂದೆ.
ನಕ್ಕಳು. “ಆ ಸ್ವಲ್ಪವೇ ನೋಡಿ
ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗೋದು.”

ಮೂರು ಚಳಿಗಾಲ ಅರವತ್ತೇ.
ನಡುವೆ ಒಮ್ಮೆ ನಾನೇ ಅವಳ ಮನೆ ಅಳೆಯಲು ಹೋಗಿದ್ದೆ:
ನದಿಯ ತಗ್ಗಿನಲ್ಲಿ ಎರಡು ಕೋಣೆ,
ನೆಲಮಾಳಿಗೆಯ ಗೋಡೆಗೆ ಪ್ರತಿ ನೆರೆಯ ಗೆರೆ.
ಗಾಲಿಕುರ್ಚಿ ಏರಲೆಂದು ಹಲಗೆಯ ಇಳಿಜಾರು ಕಟ್ಟಿಸಿದ್ದಳು,
ಸ್ನಾನದ ಮನೆಯ ಬಾಗಿಲು ಅಗಲಿಸಿದ್ದಳು.
‘ಸುಧಾರಣೆಗಳು’ ಎಂಬ ಅಂಕಣದಲ್ಲಿ ಎರಡನ್ನೂ ಬರೆದು
ಮನೆಯ ಬೆಲೆ ಏರಿಸಿದೆ.
ನಿಯಮ ಹಾಗಿದೆ.
ಹೊರಡುವಾಗ ಕಾಫಿ ಕೊಟ್ಟಳು. ಕುಡಿದೆ.

ಈ ವರ್ಷದ ಲಕೋಟೆಯಲ್ಲಿ ಎಪ್ಪತ್ತು.
ಕುಂಟಿ ಕುಂಟಿ ಬೆನ್ನುಹುರಿ ಸೊಟ್ಟಗಾಗಿದೆ, ಅದಕ್ಕೆ ಇಪ್ಪತ್ತು.
“ಒಳ್ಳೆಯ ಸುದ್ದಿ!” ಎಂದೆ,
ಎಂದಮೇಲೆ ನನ್ನ ಮಾತು ನನಗೆ ಕೇಳಿಸಿತು.
ಕಾಗದದ ಹಿಂದೆ ನಾನೇ ಕೂಡಿ ನೋಡಿದೆ:
ಅರವತ್ತೊಂಬತ್ತೂ ಮುಕ್ಕಾಲು.
ಕಡಿಮೆ ಬಿದ್ದದ್ದು ಒಂದು ಕಾಲು.
ಆ ಕಾಲನ್ನು ಸರ್ಕಾರವೇ ಸೇರಿಸಿಕೊಂಡು
ದುಂಡಗೆ ಮಾಡಿ ಕಳಿಸಿತ್ತು.

ಅವಳ ಹಿಂದೆ ನಿಂತಿದ್ದ ಟೀಟ್ಸ್ ಮುದುಕ ಗೊಣಗಿದ:
“ಅವಳು ತೆರದಿದ್ದರೆ ತೆರುವವರು ಯಾರು?”
ತಪ್ಪು ಮಾತೇನಲ್ಲ. ಶಾಲೆಗೆ ಬೇಕಾದದ್ದು ಬೇಕೇ,
ಬೆಂಕಿ ಆರಿಸುವವರಿಗೆ, ಗ್ರಂಥಾಲಯದ ದೀಪಕ್ಕೂ;
ಒಬ್ಬರು ಬಿಟ್ಟದ್ದು ಉಳಿದವರ ಮೇಲೆ ಹಂಚಿಹೋಗುತ್ತದೆ.
ಊಟದ ಹೊತ್ತಿನಲ್ಲಿ ಭಾಗಿಸಿ ನೋಡಿದೆ.
ಎರಡು ಸಾವಿರದ ನೂರ ನಲವತ್ತು ಡಾಲರ್,
ಹನ್ನೊಂದು ಸಾವಿರ ಚಿಲ್ಲರೆ ಮನೆ.
ಅವಳು ಎಂದೋ ತೆತ್ತದ್ದರಲ್ಲಿ
ನನ್ನ ಪಾಲಿಗೆ ಬಂದದ್ದು ಹತ್ತೊಂಬತ್ತು ಸೆಂಟು.
ಕಾಲು ಡಾಲರೂ ಇಲ್ಲ.

ಅಂದು ಅವಳು ಮೆಟ್ಟಿಲವರೆಗೆ ಹೋದವಳು ತಿರುಗಿ ಬಂದಿದ್ದಳು,
ಪಾರ್ಕಿಂಗ್ ಮೀಟರಿಗೆ ಚಿಲ್ಲರೆ ಉಂಟೇ ಎಂದು.
ಜೇಬಿನಲ್ಲಿ ಒಂದು ಕಾಲು ಡಾಲರ್ ಇತ್ತು, ಕೊಟ್ಟೆ.
ಇರಲಿ ಬಿಡಿ ಎಂದೆ.
ಅಡ್ಡಡ್ಡ ತಿರುಗಿ, ಕಂಬಿ ಹಿಡಿದು,
ಒಂದೊಂದೇ ಮೆಟ್ಟಿಲು ಇಳಿದುಹೋದಳು.

ಮಾರನೆಯ ಬೆಳಿಗ್ಗೆ ಕಿಟಕಿ ತೆರೆದಾಗ
ಗಾಜಿನ ಕೆಳಗಿನ ಸಂದಿಯಲ್ಲಿ ನಾಣ್ಯ,
ಮುಟ್ಟಿದರೆ ಮಂಜಿನಷ್ಟು ತಣ್ಣಗೆ.
ಚೀಟಿ ಇರಲಿಲ್ಲ.